ಕೆಂಪು ಬಿಡದ ಸೀಗಡಿ

ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದ್ದರ ಫಲ ಇದು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ಒಪ್ಪಬಾರದು, ಕಲ್ಲಿನ ಮೇಲೆ ಕೆತ್ತಿದ್ದನ್ನೂ ಕೆತ್ತಿಸಿದವನು ಯಾರು ಎಂದು ಕೇಳಿಯೇ ಓದಬೇಕು ಎಂದು ನಮ್ಮ ಮೇಷ್ಟರು ಕಲಿಸಿದ್ದರು. ಹಂಪಿಯ ಶಾಸನಗಳಿಗೆ ಅದು ಒಳ್ಳೆಯ ಪಾಠ. ಹೊಸಪೇಟೆಯ ಸಂಸಾರಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ನೆನಪು ಕೈಕೊಡುತ್ತದೆಂದು ದಿನಚರಿ ಬರೆಯುತ್ತೇನೆ, ಆಮೇಲೆ ಅದನ್ನೇ ಓದಿ ಇವನು ನಿಜ ಬರೆದಿದ್ದಾನೋ ಇಲ್ಲವೋ ಎಂದು ಅನುಮಾನಿಸುತ್ತೇನೆ. "ಅನ್ನ ಬಡಿಸಿದ್ರ ಅದಕ್ಕೂ ಪಂಚನಾಮೆ ಮಾಡ್ತೀರಿ ನೀವು" ಎನ್ನುವುದು ನನ್ನ ಹೆಂಡತಿ ರೇಣುಕಾಳ ಹಳೆಯ ದೂರು. ಪಂಚನಾಮೆ ಮಾಡಿದ ಮೇಲೆ ಎರಡು ಸಲ ಬಡಿಸಿಕೊಳ್ಳುತ್ತೇನೆ ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳುವುದಿಲ್ಲ.

ಈ ಸಲ ಸಂಕ್ರಾಂತಿಯ ಮರುದಿನ ನಮ್ಮ ಮನೆಗೆ ಒಬ್ಬ ದೊಡ್ಡ ಅತಿಥಿ ಬರುವವರಿದ್ದರು. ಆ ದಿನವನ್ನು ನಮ್ಮ ಕಡೆ ಕರಿ ಎನ್ನುತ್ತಾರೆ. ಹಬ್ಬದ ದಿನ ಸಿಹಿ ತಿಂದು ಮಡಿಯಿಂದ ಇದ್ದ ನಾಲಿಗೆಗೆ ಅಂದು ಮಾಂಸದ ಊಟ. ಬರುವವರು ಸೂರಿಬಾಬು. ಅವರ ಹಿರಿಯರು ಆಂಧ್ರದ ಕಡಲ ತೀರದಿಂದ ಬಂದು ಕಂಪ್ಲಿ ಹತ್ತಿರ, ಕ್ಯಾಂಪು ಎಂದು ಕರೆಯುವ ವಲಸೆ ರೈತರ ಊರಿನಲ್ಲಿ ಗದ್ದೆ ಮಾಡಿಕೊಂಡವರು. ಅವರ ಮಗಳು ಲಾವಣ್ಯ, ನನ್ನ ಹೆಂಡತಿಯ ತಮ್ಮ ಮಾರೇಶ, ಇಬ್ಬರಿಗೂ ಯಶವಂತನಗರದ ಗಣಿ ಕಂಪನಿಯ ಒಂದೇ ಆಫೀಸಿನಲ್ಲಿ ಕೆಲಸ. ಇಬ್ಬರೂ ಒಪ್ಪಿಯಾಗಿತ್ತು, ಹುಡುಗಿಯ ಅಪ್ಪ ಒಪ್ಪಬೇಕಾಗಿತ್ತು. ನಮ್ಮ ಮನೆ ನೋಡಿ ಹೇಳುತ್ತೇನೆ ಎಂದಿದ್ದರಂತೆ.

ರೇಣುಕಾ ದೀಪಾವಳಿಯಿಂದಲೇ ನನಗೊಂದು ಕೆಲಸ ಒಪ್ಪಿಸಿದ್ದಳು. "ನಾಲ್ಕು ಮಂದಿನ್ನ ಕೇಳದ ಹೆಂಗ ಸಂಬಂಧ ಮಾಡೋದು? ಒಮ್ಮೆ ಕಂಪ್ಲಿಗೆ ಹೋಗಿ ವಿಚಾರಿಸಿಕೊಂಡು ಬರ್ರಿ." ಹೂಂ ಎಂದಿದ್ದೆ. ಹೋಗಲಿಲ್ಲ. ಮೊದಲು ನಾನು ಪಾಠ ಹೇಳುವ ಕಾಲೇಜಿನ ಪರೀಕ್ಷೆ, ಆಮೇಲೆ ಚಳಿ, ಆಮೇಲೆ ಇಷ್ಟು ದಿನವಾದ ಮೇಲೆ ಹೋಗುವುದಕ್ಕೆ ನಾಚಿಕೆ. ಅವಳು ಕೇಳಿದಾಗಲೆಲ್ಲ "ಒಳ್ಳೆ ಮಂದಿ" ಎನ್ನುತ್ತಿದ್ದೆ. ಅದು ಸುಳ್ಳು ಎಂದು ಯಾರು ಸಾಬೀತು ಮಾಡಬಲ್ಲರು?

ಕರಿಯ ಬೆಳಿಗ್ಗೆ ಮಾರೇಶ ಒಂದು ಪೊಟ್ಟಣ ಹಿಡಿದು ಬಂದ. ಬಳ್ಳಾರಿಯ ದೊಡ್ಡ ಅಂಗಡಿಯಿಂದ ತರಿಸಿ, ಆಫೀಸಿನ ಫ್ರಿಜ್‌ನಲ್ಲಿಟ್ಟು, ಕಂಪನಿ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಸೀಗಡಿ, ಹಿಮಗಟ್ಟಿ ಕಲ್ಲಾಗಿತ್ತು. "ಅವರು ಸಮುದ್ರದ ಮಂದಿ ಭಾವ. ಕೋಳಿ ಹಾಕಿದ್ರ ನಮ್ಮ ಮರ್ಯಾದಿ ಉಳಿಯಂಗಿಲ್ಲ" ಎಂದ. ರೇಣುಕಾ ದೂರದಿಂದಲೇ ಬಗ್ಗಿ ನೋಡಿ, "ಇದು ಮೀನಲ್ಲಲೇ, ಹುಳ. ನಾನು ಮುಟ್ಟಂಗಿಲ್ಲ" ಎಂದು ಬದನೆಕಾಯಿಯ ಎಣ್ಣೆಗಾಯಿಗೆ ಶೇಂಗಾ ಹುರಿಯಲು ಕುಳಿತಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು ಎಲ್ಲವೂ ಅವಳ ಪಾಲಿಗೆ, ಹುಳ ನನ್ನ ಪಾಲಿಗೆ ಬಂತು.

ಪೊಟ್ಟಣ ಬಿಚ್ಚಿದೆ. ಒಳಗಿನದೆಲ್ಲ ಕೆಂಪಗಿತ್ತು. ಹೊರಗಿನ ಕವರೂ ಕೆಂಪಗಿತ್ತು, ಅದು ಅದಿರಿನ ಧೂಳು. ಮಾರೇಶನ ಜೊತೆ ಬರುವ ಪ್ರತಿಯೊಂದು ವಸ್ತುವೂ ಕೆಂಪು: ಬೂಟು, ಬ್ಯಾಗು, ನಮ್ಮ ಬಚ್ಚಲಿನ ನೆಲ, ಒರೆಸಿಕೊಂಡ ಟವೆಲು.

"ಲೇ ಮಾರೇಶ, ಇವು ಯಾಕ ಕೆಂಪಗದಾವ?"

"ಅವು ಹಂಗ ಇರ್ತಾವ ಭಾವ."

ಅವನ ಬಿಳಿ ಅಂಗಿಯ ಬಗ್ಗೆ ಕೇಳಿದಾಗಲೂ ಇದೇ ಉತ್ತರ ಬಂದಿತ್ತು. ಒಳಗಿನ ಕೆಂಪೂ ಅದಿರಿನ ಧೂಳೇ ಎಂಬ ನನ್ನ ಅನುಮಾನ ಗಟ್ಟಿಯಾಯಿತು. ಕವರಿನ ಮೇಲೆ 'ಬೇಯಿಸಿದ್ದು' ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಕಲ್ಲಿನಂತಿರುವುದನ್ನು ಬೇಯಿಸಿದ್ದು ಎಂದರೆ ಹೇಗೆ ನಂಬುವುದು? ಬರೆಸಿದವನು ಯಾರು? ಮಾರುವವನೇ. ಒಬ್ಬನೇ ಸಾಕ್ಷಿ. ಅದರ ಎದುರು ನನ್ನ ಬಳಿ ಕಣ್ಣಾರೆ ಕಂಡ ನೆನಪಿತ್ತು. ಓದುವಾಗ ಪ್ರವಾಸಕ್ಕೆಂದು ಕಾರವಾರಕ್ಕೆ ಹೋಗಿದ್ದಾಗ ಮೀನುಪೇಟೆಯಲ್ಲಿ ಸೀಗಡಿ ನೋಡಿದ್ದೆ. ಬೂದುಬಣ್ಣ. ನೆನಪನ್ನು ನಂಬದ ನಾನು ಅದೇಕೋ ಅಂದು ಅದನ್ನು ನಂಬಿದೆ.

ಉಪ್ಪು ಹಾಕಿ ತೊಳೆದೆ. ಅರಿಶಿನ ಹಾಕಿ ಉಜ್ಜಿದೆ. ಹುಣಸೆನೀರಿನಲ್ಲಿ ನೆನೆಸಿದೆ. ಕೆಂಪು ಬಿಡಲಿಲ್ಲ. ಕುದಿಸಿ ನೀರು ಚೆಲ್ಲಿದೆ, ಮತ್ತೆ ಕುದಿಸಿದೆ. ಸೀಗಡಿ ಸಣ್ಣದಾಯಿತೇ ಹೊರತು ಬಣ್ಣ ಬಿಡಲಿಲ್ಲ. "ಅಂಗಿ ತೊಳ್ಯಾಕೂ ಇಷ್ಟು ಮನಸು ಮಾಡಲಿಲ್ಲ ನೀವು" ಎಂದಳು ರೇಣುಕಾ. ಕೊನೆಗೆ, ಧೂಳು ಕಾಣದಿರಲಿ ಎಂದು ಖಾರದಪುಡಿ ಧಾರಾಳ ಹಾಕಿ ಹುರಿದು ಮುಚ್ಚಿಟ್ಟೆ.

ಸೂರಿಬಾಬು ಬಂದರು. ಎತ್ತರದ ಆಳು, ಕಡಿಮೆ ಮಾತು. ಎಲೆಯ ಮುಂದೆ ಕುಳಿತು, "ಅಬ್ಬೋ, ರೊಯ್ಯಲು!" ಎಂದು ಸೀಗಡಿಯನ್ನು ತೆಲುಗಿನಲ್ಲೇ ಕರೆದು ಒಂದನ್ನು ಬಾಯಿಗೆ ಹಾಕಿಕೊಂಡರು. ಅಗಿದರು. ಎಡದವಡೆಯಿಂದ ಬಲದವಡೆಗೆ ದಾಟಿಸಿದರು. ಮತ್ತೆ ಎಡಕ್ಕೆ ತಂದರು. ಮಾರೇಶ ಫ್ಯಾನ್ ನೋಡುತ್ತಿದ್ದ. ಚಳಿಗೆ ಅದನ್ನು ಹಾಕಿರಲೇ ಇಲ್ಲ.

"ಇದನ್ನ ಎಷ್ಟೊತ್ತು ಬೇಯಿಸಿದ್ರಮ್ಮಾ?"

"ನಾನು ಮುಟ್ಟಿಲ್ರಿ. ಇದು ಇವ್ರ ಕೈಯಿಂದು" ಎಂದು ರೇಣುಕಾ ಕ್ಷಣವೂ ತಡಮಾಡದೆ ನನ್ನನ್ನು ತೋರಿಸಿದಳು.

ಬೇರೆ ದಾರಿ ಕಾಣದೆ ಧೂಳು, ಅರಿಶಿನ, ಹುಣಸೆನೀರು, ಕಾರವಾರ ಎಲ್ಲವನ್ನೂ ಹೇಳಿದೆ. ಸೂರಿಬಾಬು ಹೊಟ್ಟೆ ಹಿಡಿದು ನಕ್ಕರು. "ಅಯ್ಯೋ ಸಾರೂ! ಹಸೀದು ಬೂದಿ ಬಣ್ಣ, ಬೆಂದ ಮ್ಯಾಲೆ ಕೆಂಪು. ಇದು ಬೆಂದೇ ಬಂದಿತ್ತು. ನೀವು ಅದನ್ನ ಟೈರ್ ಮಾಡೀರಿ."

ನನ್ನ ನೆನಪು ಸರಿಯಾಗಿತ್ತು. ನನ್ನ ಜೀವನದಲ್ಲಿ ಅದು ಸರಿಯಾಗಿದ್ದ ಒಂದೇ ದಿನ ಅಡುಗೆ ಕೆಟ್ಟಿತು.

ಅವರು ನಗು ನಿಲ್ಲಿಸಿ ನನ್ನನ್ನೇ ನೋಡಿದರು. "ನಂಗೊಂದು ಅನುಮಾನ ಇತ್ತು ಸಾರೂ. ಹುಡುಗನ ಕಡೆಯೋರು ನಮ್ಮ ಬಗ್ಗೆ ಯಾರನ್ನೂ ಕೇಳಿಲ್ಲ. ಕ್ಯಾಂಪಿನಾಗ ಒಬ್ಬೊಬ್ಬರನ್ನೂ ವಿಚಾರಿಸ್ದೆ, ಯಾರೂ ಬಂದಿಲ್ಲ ಅಂದ್ರು. ಇವರು ಏನೋ ಮುಚ್ಚಿಡ್ತಾರ, ಅದಕ್ಕ ಇಷ್ಟು ಅವಸರ ಅಂದ್ಕೊಂಡಿದ್ದೆ. ಈಗ ತಿಳೀತು. ಒಂದು ಸೀಗಡಿನ್ನೇ ಇಷ್ಟು ವಿಚಾರಣಿ ಮಾಡೋರು ನಮ್ಮನ್ನ ಬಿಡ್ತೀರಾ? ಯಾರಿಗೂ ಗೊತ್ತಾಗದಂಗ ಕೇಳಿ ಹೋಗೀರಿ. ಹೌದಲ್ರೀ?"

ಮಾರೇಶ ಫ್ಯಾನ್ ಬಿಟ್ಟು ನನ್ನನ್ನು ನೋಡಿದ. ರೇಣುಕಾಳ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು.

"ಹೆಣ್ಮಗಳ ವಿಷಯ. ಬಾಯಿ ಮಾಡಿ ಕೇಳಬಾರದಲ್ರಿ" ಎಂದೆ.

"ಅದು ದೊಡ್ಡ ಮನಸು!" ಎಂದು ಅವರು ಸೀಗಡಿಯನ್ನು ಎಲೆಯಂಚಿಗೆ ಸರಿಸಿ, ಎಣ್ಣೆಗಾಯಿಯನ್ನು ಮೂರು ಸಲ ಹಾಕಿಸಿಕೊಂಡರು. ಹೊರಡುವಾಗ, "ಶಿವರಾತ್ರಿ ಕಳೀಲಿ, ದಿನ ನೋಡೋಣ" ಎಂದರು. ಮಾರೇಶ ಅವರನ್ನು ಬಸ್ ಹತ್ತಿಸಲು ಕುಣಿಯುತ್ತಲೇ ಹೋದ.

ಬಾಗಿಲು ಹಾಕಿ ರೇಣುಕಾ ನನ್ನತ್ತ ತಿರುಗಿದಳು. "ನಿಜ ಹೇಳ್ರಿ. ಕಂಪ್ಲಿಗೆ ಹೋಗಿದ್ರಾ?"

"ಹೋಗಿದ್ದೆ."

"ಯಾರನ್ನ ಕೇಳಿದ್ರಿ?"

"ಬಸ್ ಸ್ಟ್ಯಾಂಡ್ ಎದುರಿಗೆ ಒಂದು ಚಹಾದಂಗಡಿ ಐತಲ್ಲ, ಅವನನ್ನ."

ಅವಳು ನಂಬಿದಳೋ ಇಲ್ಲವೋ ಗೊತ್ತಿಲ್ಲ. ಆದರೆ ಈಗೀಗ ಆ ಅಂಗಡಿ ನನ್ನ ಕಣ್ಣ ಮುಂದೆ ಸ್ಪಷ್ಟವಾಗಿ ಬರುತ್ತದೆ. ಚಹಾಕ್ಕೆ ಅವನು ಸಕ್ಕರೆ ಸ್ವಲ್ಪ ಹೆಚ್ಚೇ ಹಾಕಿದ್ದ.