ಎಡ ಸೊಂಟದ ಕೂಡುಗೆರೆಯವರ ಸನ್ನಿಧಾನಕ್ಕೆ

ಮಾನ್ಯ ಕೂಡುಗೆರೆಯವರೇ,

ತಾವು ಕ್ಷೇಮವೇ ಎಂದು ಕೇಳುವ ಅಗತ್ಯವಿಲ್ಲ. ಇಂದು ಬೆಳಿಗ್ಗೆಯೂ ತಮ್ಮನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡಿದ್ದೇನೆ, ತಮ್ಮ ಕೂದಲೂ ಕೊಂಕಿಲ್ಲ. ಕಂಪ್ಯೂಟರಿನೊಳಗಿನ ಮಾಯಾಲೋಕದಲ್ಲಿ ಜನ ತೊಟ್ಟು ಓಡಾಡುವ ಅವತಾರಗಳ ಮೈಮೇಲೆ ಹಚ್ಚೆ ಬರೆದು ಹೊಟ್ಟೆ ಹೊರೆಯುವ ಬಡಪಾಯಿ ನಾನು. ಈ ಕಸುಬಿನಲ್ಲಿ ಸೂಜಿಯಿಲ್ಲ, ರಕ್ತವಿಲ್ಲ. ನೋವೆಂದು ಇರುವವರು ತಾವೊಬ್ಬರೇ.

ತಮ್ಮನ್ನು ಅರಿಯದ ಓದುಗರಿಗೆ ತಮ್ಮ ಕಿರುಪರಿಚಯ ಮಾಡಿಕೊಡಲು ಅಪ್ಪಣೆಯಾಗಲಿ. ಅವತಾರದ ಚರ್ಮವನ್ನು, ದರ್ಜಿ ಅಂಗಿಯ ಬಟ್ಟೆಯನ್ನು ಕತ್ತರಿಸಿಟ್ಟಂತೆ, ಮುಂದಿನ ತುಂಡು, ಹಿಂದಿನ ತುಂಡು ಎಂದು ಚಪ್ಪಟೆಯಾಗಿ ಹಾಸಿ ನಮಗೆ ಕೊಡುತ್ತಾರೆ. ಅದರ ಮೇಲೆ ನಾವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಳ್ಳಿ, ಹಕ್ಕಿ, ಹುಲಿಗಳನ್ನು ಬರೆದ ಮೇಲೆ ಆ ತುಂಡುಗಳು ಮೈಗೆ ಸುತ್ತಿಕೊಂಡು ಸೊಂಟದ ಪಕ್ಕದಲ್ಲಿ ಎಲ್ಲಿ ಒಂದಾಗುತ್ತವೆಯೋ ಅಲ್ಲಿ ತಾವು ಮೊದಲೇ ಬಂದು ಒರಗಿ ಕೂತಿರುತ್ತೀರಿ. ಹೊಟ್ಟೆಯಿಂದ ಹೊರಟ ಬಳ್ಳಿ ತಮ್ಮನ್ನು ಕಂಡ ಕೂಡಲೇ ಎಡವಿ, ಒಂದು ಎಳೆಯಷ್ಟು ಮೇಲೆ ಹಾರಿ, ಬೆನ್ನಿನ ಕಡೆ ನಡೆಯುತ್ತದೆ. ಹುಲಿಯಂತೂ ತನ್ನ ಬಾಲ ಯಾರದೆಂದು ತಿರುಗಿ ನೋಡಬೇಕು.

ಗಿರಾಕಿಗಳ ಬಾಯಲ್ಲಿ ಒಂದೇ ಮಾತು: “ಕ್ಲೀನಾಗಿ ಕಾಣ್ಬೇಕು.” ಹಾಗಾಗಿ, ಹಾಲು ಕುಡಿದ ಬೆಕ್ಕಿನ ಮೀಸೆಯಂತೆ ಚಿತ್ರದ ಸುತ್ತ ಬಿಳಿ ಅಂಚು ಉಳಿಯದಿರಲೆಂದು ಬಣ್ಣವನ್ನು ಗಡಿ ದಾಟಿಸಿ ಹರಿಸುವುದನ್ನು ಕಲಿತೆ; ತಮ್ಮ ಮುಖ ಮುಚ್ಚಲೆಂದು ಎಡ ಸೊಂಟದಲ್ಲಿ ಒಂದು ಅಗಲವಾದ ಎಲೆ ಇಡುವುದನ್ನೂ ಕಲಿತೆ. ನಮ್ಮ ಕಸುಬಿನವರೆಲ್ಲರ ಗುಟ್ಟು ಅದೇ. ಆ ಲೋಕದಲ್ಲಿ ಯಾರ ಎಡ ಸೊಂಟದಲ್ಲಾದರೂ ಎಲೆಯೋ ತಲೆಬುರುಡೆಯೋ ಕಂಡರೆ ಅದು ಅವರ ರುಚಿಯಲ್ಲ, ತಮ್ಮ ಕೃಪೆ. ಒಮ್ಮೆ ತಮ್ಮನ್ನು ಅಳೆಯುವ ಭರದಲ್ಲಿ, ನಮಗೆ ದಾರಿ ತೋರಿಸಲೆಂದು ಚೌಕಳಿ ಗೆರೆಗಳನ್ನೂ ತುಂಡುಗಳ ಹೆಸರುಗಳನ್ನೂ ಬರೆದಿಟ್ಟ ಪದರವನ್ನು ಅಳಿಸಲು ಮರೆತುಬಿಟ್ಟೆ. ವಕೀಲರೊಬ್ಬರು ಹೊಟ್ಟೆಯ ಮೇಲೆ ‘ಮುಂಭಾಗ’, ಬೆನ್ನ ಮೇಲೆ ‘ಹಿಂಭಾಗ’ ಎಂದು ಬರೆಸಿಕೊಂಡೇ ಆ ಲೋಕದ ಒಂದು ಮದುವೆಗೆ ಹೋಗಿ ಬಂದರು. ಮುಖ ಎಲ್ಲಿಡಲಿ ಎಂದು ನಾನು ಒದ್ದಾಡುತ್ತಿದ್ದರೆ, ಮಾರನೆಯ ದಿನ ಮದುವೆಯ ಅರ್ಧ ಮಂದಿ ಅದೇ ಹಚ್ಚೆ ಬೇಕೆಂದು ಬಂದು ನಿಂತರು. ನನ್ನ ಕಲೆಗೆ ಸಿಕ್ಕ ಅತಿ ದೊಡ್ಡ ಮನ್ನಣೆಯೂ ಹೀಗೆ ತಮ್ಮಿಂದಲೇ.

ಇಷ್ಟಕ್ಕೆ ನಾನು ಪತ್ರ ಬರೆಯುವವನಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ತಾವು ನಕ್ಕುಬಿಡುತ್ತೀರಿ ಎಂಬುದು ನನಗೆ ಗೊತ್ತು. ಆದರೆ ವಿಷಯ ನನ್ನ ಅಕ್ಕನದು.

ಅಕ್ಕ ಈಜು ಕಲಿಸುವವಳು. ಅವಳ ಎಡ ಸೊಂಟದ ಮೇಲೆ ಆಪರೇಷನ್ನಿನ ಉದ್ದನೆಯ ಗಾಯದ ಗುರುತಿದೆ. ಅಲ್ಲಿಂದ ಹೊರಟ ಕಿಡ್ನಿ ಈಗ ನನ್ನ ಹೊಟ್ಟೆಯಲ್ಲಿ ಕೂತು, ತಮ್ಮಂಥವರಿಗೆ ಪತ್ರ ಬರೆಯುವಷ್ಟು ಸೊಕ್ಕನ್ನು ನನಗೆ ದಯಪಾಲಿಸಿದೆ. ಅಂದಿನಿಂದ ಅವಳು ಈಜುಡುಗೆಯ ಮೇಲೆ ದೊಗಳೆ ಟೀ ಶರ್ಟು ತೊಟ್ಟೇ ನೀರಿಗಿಳಿಯುತ್ತಾಳೆ. ಅದರೊಳಗೆ ಗಾಳಿ ತುಂಬಿ ಉಬ್ಬುವುದರಿಂದ ಮಕ್ಕಳು ಅವಳನ್ನು ಬಲೂನ್ ಮಿಸ್ ಎನ್ನುತ್ತಾರೆ. ಅವಳೂ ಅವರ ಜೊತೆ ನಗುತ್ತಾಳೆ, ಆಮೇಲೆ ಎಲ್ಲರೂ ಹೋಗುವವರೆಗೂ ಕಾದು ಬಟ್ಟೆ ಬದಲಿಸುತ್ತಾಳೆ. ದೂರದೂರ ಚದುರಿಹೋದ ತನ್ನ ಹಳೆಯ ಶಿಷ್ಯರಿಗಾಗಿ ಅವಳು ಆ ಮಾಯಾಲೋಕದಲ್ಲೊಂದು ಕೊಳ ತೆರೆಯುವುದೆಂದಾದಾಗ ನನ್ನನ್ನು ಕರೆದು, “ಆ ಮೈಯಲ್ಲಾದ್ರೂ ಒಂದು ಗೆರೆ ಇಲ್ಲದ ಹಾಗೆ ಮಾಡ್ಕೊಡೋ, ಅಲ್ಲೂ ಟೀ ಶರ್ಟ್ ಬೇಡ ನಂಗೆ” ಎಂದಳು. ಅಷ್ಟು ಕೊಟ್ಟವಳು ನನ್ನಿಂದ ಕೇಳಿದ್ದು ಇದೊಂದನ್ನೇ.

ಇಡೀ ಮೈಯಲ್ಲಿ ತಮಗೆ ಕೂರಲು ಸಿಕ್ಕ ಜಾಗ ಅದೇನಾ, ಮಾನ್ಯರೇ? ತಮ್ಮನ್ನು ಮರೆಸಲೆಂದು ಅವಳ ಅವತಾರದ ಸೊಂಟಕ್ಕೊಂದು ಬಳ್ಳಿ ಸುತ್ತಿಸಿ, ಅದನ್ನು ಅಳಿಸಿ ಅಳಿಸಿ ಬರೆದೆ. ಉದ್ಘಾಟನೆಯ ದಿನ ಮಾತ್ರ ತಾವು ಕಂಕುಳಿಗೆ ಸರಿದು ನಿಲ್ಲಬೇಕೆಂದು, ಆಗದಿದ್ದರೆ ಬೇರೊಬ್ಬರ ಸೊಂಟಕ್ಕೆ ವರ್ಗ ಮಾಡಿಸಿಕೊಳ್ಳಬೇಕೆಂದು ಪರದೆಗೆ ಕೈಮುಗಿದೆ. ಗೋಡೆಗೆ ಹೇಳಿದ್ದರೂ ಒಂದು ಹಲ್ಲಿಯಾದರೂ ಲೊಚಗುಟ್ಟುತ್ತಿತ್ತು. ಕೊನೆಗೆ ನನ್ನ ಜನ್ಮದಲ್ಲೇ ಚೆಂದದ ಎಲೆಯೊಂದನ್ನು ತಮ್ಮ ಮೇಲಿಟ್ಟೆ. ನಿಂತರೂ ನಡೆದರೂ ತಾವಿದ್ದೀರೆಂದು ಯಾರೂ ಹೇಳುವ ಹಾಗಿರಲಿಲ್ಲ.

ಆದರೆ ಈಜಲು ಮೈ ಬಗ್ಗಬೇಕಲ್ಲ! ಉದ್ಘಾಟನೆಯ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಅಕ್ಕ ತನ್ನ ಅವತಾರವನ್ನು ಶಿಷ್ಯರೆಲ್ಲರ ಎದುರು ನೀರಿಗೆ ಹಾರಿಸಿದಳು. ಎಲೆ ನಡುವೆ ಸೀಳಿಹೋಯಿತು. ಉದ್ದಕ್ಕೂ ತಾವು ಪ್ರತ್ಯಕ್ಷರಾದಿರಿ. ಪಕ್ಕದಲ್ಲಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕ ಈಜು ನಿಲ್ಲಿಸಿದಳು. ಅವತಾರವನ್ನು ಪಕ್ಕಕ್ಕೆ ತಿರುಗಿಸಿ ಹತ್ತಿರಕ್ಕೆ ಎಳೆದು ನೋಡಿದಳು. ಅವಳ ಕೈ ತಾನಾಗಿ ತನ್ನ ಸೊಂಟಕ್ಕೆ ಹೋಯಿತು. ಆಮೇಲೆ, ಎಷ್ಟೋ ಕಾಲದಿಂದ ನಾನು ಕೇಳಿರದ ಹಾಗೆ ಜೋರಾಗಿ ನಕ್ಕು, “ನೋಡೋ, ಇವಳೂ ಯಾರಿಗೋ ಕೊಟ್ಟಿದಾಳೆ!” ಎಂದಳು.

ನನಗೆ ಅಳು ಬಂತು. ಬಂದದ್ದನ್ನು ಬಂತೆನ್ನಲು ನಾಚಿಕೆಯೇನು. ಅಕ್ಕ ಅದನ್ನು ಗಮನಿಸದವಳಂತೆ, “ಆ ಎಲೆ ತೆಗೆದುಹಾಕು, ಅಡ್ಡ ಬರುತ್ತೆ” ಎಂದು ಹೇಳಿ ಮತ್ತೆ ಈಜಿದಳು. ತೆಗೆದಿದ್ದೇನೆ. ಈಗ ಬಳ್ಳಿ ತಮ್ಮವರೆಗೆ ಬಂದು ನಿಂತು, ತಮಗೆ ದಾರಿ ಬಿಟ್ಟು, ಆಚೆಯಿಂದ ಮತ್ತೆ ಹೊರಡುತ್ತದೆ. ಈ ವಾರ ಅವಳು ನಿಜವಾದ ಕೊಳಕ್ಕೆ ಹೊರಟಾಗ ಟೀ ಶರ್ಟು ಹಗ್ಗದ ಮೇಲೇ ಒಣಗುತ್ತಿತ್ತು. ಮರೆತಳೋ ಬಿಟ್ಟಳೋ, ನಾನು ಕೇಳಲಿಲ್ಲ.

ಆದ್ದರಿಂದ ಮೇಲ್ಕಂಡ ದೂರನ್ನೆಲ್ಲ ಹಾಗೆಯೇ ಉಳಿಸಿಕೊಂಡು, ತಾವು ಅವಳ ಸೊಂಟವನ್ನು ಮಾತ್ರ ಯಾವ ಕಾರಣಕ್ಕೂ ತೆರವು ಮಾಡಕೂಡದೆಂದು ಬೇಡಿಕೊಳ್ಳುವ,

ತಮ್ಮಿಂದ ಸೋತು ಸುಣ್ಣವಾಗಿಯೂ
ತಮ್ಮ ವಿಶ್ವಾಸಿಯಾಗಿ ಉಳಿದ
ಹಚ್ಚೆಯವನು

ಮರೆತ ಮಾತು: ಬಲ ಸೊಂಟದಲ್ಲಿರುವ ತಮ್ಮ ಸೋದರರಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ, ಅವರು ಹುಲಿಯ ಬಾಲವನ್ನು ಕೂಡಲೇ ಹಿಂದಿರುಗಿಸತಕ್ಕದ್ದು. ಇನ್ನು, ಮುಂದಿನ ಆವೃತ್ತಿಯಲ್ಲಿ ತಮ್ಮನ್ನು ಪೂರ್ತಿಯಾಗಿ ತೆಗೆದುಹಾಕುವುದಾಗಿ ಆ ಮಾಯಾಲೋಕ ನಡೆಸುವ ಕಂಪನಿಯವರು ಹೆಮ್ಮೆಯಿಂದ ಸಾರಿದ್ದಾರೆ. ತೆಗೆದು ಯಾರಿಗೆ ಕೊಡುತ್ತಾರೆ ಎಂದು ಅಕ್ಕ ಕೇಳುತ್ತಿದ್ದಾಳೆ.