ಉಡಿಗಾಲದ ಅಳಿಯನ ಹಾಫ್ ಮ್ಯಾರಥಾನ್

ಲೈನ್‌ಮನ್ ಆದವನು ಬೀದಿಯಲ್ಲಿ ನಡೆದು ಹೋದರೆ ಯಾರೂ ಕತ್ತೆತ್ತಿ ನೋಡುವುದಿಲ್ಲ. ಅವನೇ ಓಡಿದ ಅನ್ನಿ, ಏನಾದರೊಂದು ಆಗಿಯೇ ತೀರುತ್ತದೆ. ಈ ಮಾತು ನಂಬದವರು ನನ್ನ ಕೆಲಸಕ್ಕೆ ಸೇರಿಕೊಂಡು ಒಂದು ಬೆಳಿಗ್ಗೆ ಓಡಿ ನೋಡಬಹುದು.

ಓಟಕ್ಕೆ ಕಾರಣ ನಮ್ಮ ಇಂಜಿನಿಯರ್ ಸಾಹೇಬರು. ಗುಂಡ್ಲುಪೇಟೆಯಲ್ಲಿ ಒಂದು ದಿನ ಕಂಬ ಹತ್ತಿ ಇಳಿದ ನಾನು ಏದುಸಿರು ಬಿಡುತ್ತಾ ಮೋರಿ ಕಟ್ಟೆಯ ಮೇಲೆ ಕೂತಿದ್ದೆ. ಅದೇ ಹೊತ್ತಿಗೆ ಅವರ ಜೀಪು ಬಂತು. "ವಯಸ್ಸಾಯ್ತು, ಹೊಟ್ಟೇನೂ ಬಂತು. ಇನ್ಮೇಲೆ ಆಫೀಸಲ್ಲಿ ಕಂಪ್ಲೇಂಟ್ ಫೋನ್ ಹತ್ರ ಕೂತ್ಕೊಳ್ಳಿ" ಅಂದರು.

ಆ ಫೋನಿನ ಹತ್ತಿರ ಕೂರುವುದೆಂದರೆ ಇಡೀ ತಾಲ್ಲೂಕಿನ ಬೈಗುಳವನ್ನು ಒಂದೇ ಕಿವಿಯಲ್ಲಿ ಕೇಳುವುದು. ಕಂಬದ ಮೇಲಾದರೆ ತಣ್ಣಗೆ ಗಾಳಿ ಬೀಸುತ್ತದೆ, ಬೈಯುವವರು ಕೆಳಗಿರುತ್ತಾರೆ. ನನಗೆ ಕಂಬವೆಂದರೆ ಪ್ರಾಣ. ಎದುರಿನ ಗೋಡೆಯ ಮೇಲೆ ಚಾಮರಾಜನಗರದಲ್ಲಿ ಹಾಫ್ ಮ್ಯಾರಥಾನ್ ಅಂತ ಪೋಸ್ಟರ್ ಅಂಟಿಸಿದ್ದರು. "ಸಾರ್, ಬೇಕಾದ್ರೆ ಅದನ್ನ ಓಡಿ ಮುಗಿಸಿ ತೋರಿಸ್ತೀನಿ" ಅಂದುಬಿಟ್ಟೆ.

ಸಾಹೇಬರು ಪೋಸ್ಟರನ್ನೂ ನೋಡಿದರು, ನನ್ನ ಹೊಟ್ಟೆಯನ್ನೂ ನೋಡಿದರು. "ಮೆಡಲ್ ತನ್ನಿ, ಕಂಬ ನಿಮ್ದೇ. ಇಲ್ದಿದ್ರೆ ಫೋನು."

ಅದು ಇಪ್ಪತ್ತೊಂದು ಕಿಲೋಮೀಟರ್ ಅಂತ ನನಗೆ ಮನೆಗೆ ಬಂದ ಮೇಲೆ ಹೆಂಡತಿ ಹೇಳಿದಳು.

ತಂತಿ ಕಡಿದಿಲ್ಲ

ಮೊದಲ ದಿನ ಓಡಲು ಸಾಕಷ್ಟು ಸಡಿಲವಾಗಿದ್ದದ್ದು ಹಳೇ ಯೂನಿಫಾರ್ಮ್ ಶರ್ಟು ಒಂದೇ. ಅದನ್ನೇ ಹಾಕಿಕೊಂಡು ಬೆಳಗಾಗುತ್ತಲೇ ಹೊರಟೆ. ಬೀದಿಯ ತುದಿಯಲ್ಲಿ ಅಂಗಳಕ್ಕೆ ನೀರು ಹಾಕುತ್ತಿದ್ದ ಅಜ್ಜಿ ನನ್ನನ್ನು ನೋಡಿದ್ದೇ ಬಕೆಟ್ ಅಲ್ಲೇ ಬಿಟ್ಟು ಕೂಗಿಕೊಂಡಳು.

"ಲೈನ್‌ಮನ್ ಓಡ್ತಾವ್ನೆ ಕಣ್ರಪ್ಪೋ! ಎಲ್ಲೋ ತಂತಿ ಕಡ್ದು ಬಿದ್ದದೆ! ದನ ಈಚೆ ಬುಡ್ಬ್ಯಾಡಿ!"

ಬಾಗಿಲುಗಳು ದಡಬಡ ಮುಚ್ಚಿದವು. ಯಾರೋ ಮಗುವನ್ನು ಎತ್ತಿಕೊಂಡು ಒಳಗೆ ಓಡಿದರು. ನಾನು ನಿಂತು, "ಏನೂ ಆಗಿಲ್ಲ ಕಣಜ್ಜಿ, ಸುಮ್ಮನೆ ಓಡ್ತಿದ್ದೀನಿ" ಅಂದೆ.

"ಸುಮ್‌ಸುಮ್ನೆ ಯಾರಾದ್ರೂ ಓಡ್ತಾರ? ನಿಜ ಏಳ್ಲಾ, ಯಾವ್ ಕಂಬ?"

ಬೀದಿಯ ಕಂಬಗಳನ್ನೆಲ್ಲ ಒಂದೊಂದಾಗಿ ತೋರಿಸಿದ ಮೇಲೆಯೇ ಬಾಗಿಲು ತೆರೆದದ್ದು. ಬೆವರು ಒರೆಸಿಕೊಂಡು ಮನೆಗೆ ಬಂದು ಕಾಫಿ ಕೇಳಿದೆ. ಹಾಲಿನವನು ತಂತಿಗೆ ಹೆದರಿ ಬೀದಿಯ ತುದಿಯಿಂದಲೇ ವಾಪಸ್ ಹೋಗಿದ್ದನಂತೆ. ಹೆಂಡತಿ ಖಾಲಿ ಪಾತ್ರೆ ನನ್ನ ಮುಂದಿಟ್ಟು, "ನಾಳೆಯಿಂದ ಹಾಲು ಹಾಕಿಸ್ಕೊಂಡು ಆಮೇಲೆ ಓಡಿ" ಅಂದಳು.

ಹಿಂದೆ ಆನೆ ಇಲ್ಲ

ಊರೊಳಗೆ ಬೇಡ ಅಂತ ಹಂಗಳಕ್ಕೆ ಬಸ್ಸಲ್ಲಿ ಹೋಗಿ, ಅಲ್ಲಿಂದ ಗುಂಡ್ಲುಪೇಟೆ ಕಡೆಗೆ ಓಡಿಕೊಂಡು ಬರುವುದೆಂದು ತೀರ್ಮಾನಿಸಿದೆ. ರಸ್ತೆ ಚೆನ್ನಾಗಿದೆ, ಗಾಳಿಯೂ ಚೆನ್ನಾಗಿದೆ. ಆದರೆ ಬಂಡೀಪುರದ ಕಡೆಯಿಂದ ಒಬ್ಬ ಮನುಷ್ಯ ಬಾಯಿ ಬಿಟ್ಟುಕೊಂಡು ಓಡಿ ಬಂದರೆ ಎದುರಿಗೆ ಬರುವವರು ಏನು ತಿಳಿದುಕೊಳ್ಳುತ್ತಾರೆ ಅನ್ನುವುದು ನನ್ನ ತಲೆಗೆ ಹೊಳೆಯಲಿಲ್ಲ.

ಮೊದಲು ಬಂದ ಬೈಕಿನವನು ಒಂದು ಮಾತೂ ಕೇಳದೆ ಬೈಕ್ ತಿರುಗಿಸಿಕೊಂಡು ಹೋದ. ಅವನ ಹಿಂದೆ ಕೇರಳಕ್ಕೆ ತರಕಾರಿ ತುಂಬಿಕೊಂಡು ಹೊರಟಿದ್ದ ಲಾರಿ. ಡ್ರೈವರ್ ತಲೆ ಹೊರಗೆ ಹಾಕಿ, "ಎಂದಾ ಚೇಟ್ಟಾ, ಆನಯಾಣೋ?" ಅಂದ. ಆನೆ ಬಂತಾ ಅಂತ ಕೇಳುತ್ತಿದ್ದಾನೆ ಅನ್ನುವುದು ಗೊತ್ತಾಯಿತು. ಇಲ್ಲ ಅನ್ನಲು ನನ್ನಲ್ಲಿ ಉಸಿರಿಲ್ಲ. ಜೋರಾಗಿ ಕೈ ಆಡಿಸಿದೆ. ಅವನು ಅದನ್ನು ಮುಂದೆ ಹೋಗಬೇಡ ಅಂತ ತಿಳಿದು ಲಾರಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿಬಿಟ್ಟ. ಹಿಂದೆ ವಾಹನಗಳ ಸಾಲು ಬೆಳೆಯಿತು.

ಸ್ವಲ್ಪ ಹೊತ್ತಿಗೆ ಫಾರೆಸ್ಟ್ ಗಾರ್ಡ್ ಬಂದು, "ಆನೆ ಎಲ್ಲಿ?" ಅಂತ ಕೇಳಿದರೆ ಅಷ್ಟೂ ಡ್ರೈವರ್‌ಗಳು ನನ್ನ ಕಡೆ ಕೈ ತೋರಿಸಿದರು.

ಗಾರ್ಡ್ ನನ್ನನ್ನು ಪಕ್ಕಕ್ಕೆ ಕರೆದು ಬುದ್ಧಿ ಹೇಳಿದ. "ಓಡಂಗಿದ್ರೆ ಪ್ಯಾಟೆಯಿಂದ ಕಾಡಿನ್ ಕಡೀಕ್ ಓಡಿ ಸಾ. ಯಾರೂ ಎದ್ರಲ್ಲ."

ಮಾರನೆಯ ದಿನದಿಂದ ಹಾಗೇ ಓಡಿದೆ. ನಿಜಕ್ಕೂ ಯಾರೂ ಹೆದರಲಿಲ್ಲ, ನನ್ನೊಬ್ಬನನ್ನು ಬಿಟ್ಟು.

ಒಂದು ಲಿಫ್ಟು

ನಮ್ಮ ಕಡೆ ಪರಿಚಯದವರು ಕಾಲ್ನಡಿಗೆಯಲ್ಲಿ ಕಂಡರೆ ಬೈಕ್ ನಿಲ್ಲಿಸದೆ ಹೋಗುವುದು ದೊಡ್ಡ ತಪ್ಪು. ದಿನಾ ನಾಲ್ಕಾರು ಜನ ನಿಲ್ಲಿಸುವವರೇ. ಬೇಡ ಅಂದರೆ ಮುಖ ಊದಿಸಿಕೊಳ್ಳುವವರೇ. ಒಬ್ಬ ಹಳೇ ಸ್ನೇಹಿತನಂತೂ ಬಿಡಲೇ ಇಲ್ಲ. "ಅತ್ಲಾ ಸುಮ್ಕೆ, ನಾನಿರಾಗ ನೀ ಯಾಕ್ಲಾ ಓಡ್ಬೇಕು?" ಅಂತ ತೋಳು ಹಿಡಿದು ಕೂರಿಸಿಕೊಂಡ.

ಒಂದು ಫರ್ಲಾಂಗ್ ಹೋಗುವಷ್ಟರಲ್ಲಿ ಪೆಟ್ರೋಲ್ ಖಾಲಿ. ಬಿಸಿಲೇರುವ ತನಕ ಇಬ್ಬರೂ ಬೈಕ್ ತಳ್ಳಿದೆವು. ಬಂಕ್ ಕಂಡಾಗ ಅವನು ನೆಮ್ಮದಿಯಿಂದ ಹೇಳಿದ: "ಲಿಫ್ಟ್ ಕೊಟ್ಟಿದ್ದು ಒಳ್ಳೇದೇ ಆಯ್ತು ಕಣ್ಲಾ. ಒಬ್ನೇ ಆಗಿದ್ರೆ ತಳ್ಳಕ್ ಆಯ್ತಿರ್ನಿಲ್ಲ."

ಬೆನ್ನು ತೋರಿಸಿದ ಅಳಿಯ

ಓಟದ ದಿನ ಬಂತು. ಚಾಮರಾಜನಗರದಿಂದ ಹೊರಟು ಉಡಿಗಾಲದಲ್ಲಿ ತಿರುಗಿ ವಾಪಸ್ ಬರಬೇಕು. ಎಲ್ಲರ ಹಿಂದೆ ಒಂದು ವ್ಯಾನು ಬರುತ್ತದೆ. ಅದು ದಾಟಿ ಹೋಯಿತೋ, ಮೆಡಲ್ ಇಲ್ಲ.

ಉಡಿಗಾಲ ನನ್ನ ಹೆಂಡತಿಯ ತವರು. ತಿರುಗುವ ಜಾಗಕ್ಕೆ ಗುರುತಾಗಿ ಕೆಂಪು ಕೋನ್ ಇಟ್ಟಿದ್ದರು, ಅದೂ ಸರಿಯಾಗಿ ನಮ್ಮತ್ತೆ ಮನೆ ಬಾಗಿಲ ಮುಂದೆ! ಅಲ್ಲಿಯ ತನಕ ಚೆನ್ನಾಗಿಯೇ ಓಡಿದ್ದೆ. ಕೋನ್ ಸುತ್ತಿ ತಿರುಗಿದೆ ನೋಡಿ, ಜಗಲಿಯ ಮೇಲಿದ್ದ ಊರಿನ ಯಜಮಾನರು ಎದ್ದು ಬಂದು ಅಡ್ಡ ನಿಂತರು.

"ಯಾಕಪ್ಪಾ, ಅತ್ತೆ ಅಟ್ಟಿ ಬಾಗ್ಲು ಗಂಟ ಬಂದು ಬೆನ್ನು ತೋರುಸ್ಕಂಡು ಓಯ್ತಾ ಇದ್ದೀಯ? ಅಬ್ಬದಲ್ಲಿ ಏನಾರ ಮಾತು ಬಂತಾ?"

"ಇಲ್ಲ ಯಜಮಾನ್ರೇ, ಇದು ಓಟ. ಇಲ್ಲೇ ತಿರುಗಬೇಕು ಅಂತ ರೂಲ್ಸು. ನೋಡಿ, ಎಲ್ಲಾರೂ ತಿರುಗ್ತಿದ್ದಾರೆ."

"ಅವ್ರೆಲ್ಲಾ ಈ ಊರಿಗೆ ಅಳೀಮಯ್ಯಂದ್ರಾ?"

ಅಷ್ಟರಲ್ಲಿ ಅತ್ತೆಯೂ ಬಂದರು, ಕಣ್ಣಲ್ಲಿ ನೀರು. "ನನ್ ಕಡೆಯಿಂದ ಏನ್ ತಪ್ಪಾಯ್ತು ಅಳಿಯಂದ್ರೇ?" ಜಗಳ ಇಲ್ಲವೆಂದು ಸಾಬೀತು ಮಾಡಲು ಒಳಗೆ ಹೋಗಿ ಉಣ್ಣುವುದೊಂದೇ ದಾರಿ. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಯಜಮಾನರು ಎದುರು ಕೂತು ತುತ್ತು ತುತ್ತಿಗೂ ಸಾಕ್ಷಿಯಾದರು. ಎರಡನೇ ರೊಟ್ಟಿ ಮುಗಿದ ಮೇಲೆ ಬೀದಿಗೆ ಕೇಳುವ ಹಾಗೆ ಹೇಳಿದರು: "ಏನೂ ಇಲ್ಲ ಬುಡ್ರಪ್ಪ, ರಾಜಿ ಆಯ್ತು!"

ಹೊರಗೆ ಬಂದರೆ ಓಟಗಾರರು ಒಬ್ಬರೂ ಇಲ್ಲ. ವ್ಯಾನು ಮಾತ್ರ ನಿಂತಿತ್ತು.

ಅತ್ತೆಯ ನಡಿಗೆ

"ಅಣ್ಣಾ, ಅತ್ಕಳಿ" ಅಂದ ವ್ಯಾನಿನ ಡ್ರೈವರ್. ನನ್ನ ಕಿವಿಯೊಳಗೆ ಕಂಪ್ಲೇಂಟ್ ಫೋನು ಬಡಿದುಕೊಂಡಿತು. ಹತ್ತಲಿಲ್ಲ, ಓಡಿದೆ.

ಹಿಂದೆಯೇ ಅತ್ತೆ ಮಜ್ಜಿಗೆ ಚೊಂಬು ಹಿಡಿದು ಬಂದರು. "ಮಜ್ಗೆ ಕುಡೀದೆ ಓದ್ರೆ ಅದೂ ಒಂದ್ ಮಾತಾಯ್ತದೆ." ಕುಡಿದೆ. ಆದರೂ ಅವರು ವಾಪಸ್ ಹೋಗಲಿಲ್ಲ. ಮಗಳು, ಅಂದರೆ ನನ್ನ ಹೆಂಡತಿ, ಟವೆಲ್ ಹಿಡಿದು ಚಾಮರಾಜನಗರದಲ್ಲಿ ಕಾಯುತ್ತಿದ್ದಾಳೆ, ಓಟದ ದೆಸೆಯಿಂದ ಬಸ್ಸಿಲ್ಲ, ಹಾಗಾಗಿ ನಡೆದೇ ಬರುತ್ತಾರಂತೆ. ಹೊಟ್ಟೆಯಲ್ಲಿ ರೊಟ್ಟಿ ಹೊತ್ತ ನನ್ನ ಓಟವೂ ಸೆರಗು ಬಿಗಿದ ಅವರ ನಡಿಗೆಯೂ ಒಂದೇ ವೇಗ. ಅವರು ದಾರಿಯುದ್ದಕ್ಕೂ ಎಮ್ಮೆ ಕರು ಹಾಕಿದ್ದರ ಬಗ್ಗೆ ಹೇಳಿದರು, ನಾನು ಹೂಂ ಅಂದೆ.

ಚಾಮರಾಜನಗರ ಕಾಣುವ ಹೊತ್ತಿಗೆ ಕಾಲು ಹಿಡಿದುಕೊಂಡಿತು. "ಆಗಲ್ಲ ಅತ್ತೆ" ಅಂತ ನಿಂತೆ. ನಾಚಿಕೆ ಬಿಟ್ಟು ಫೋನಿನ ವಿಷಯವನ್ನೆಲ್ಲ ಹೇಳಿಕೊಂಡೆ. ಅತ್ತೆ ಚೊಂಬನ್ನು ಸೊಂಟಕ್ಕಿಟ್ಟುಕೊಂಡರು.

"ಒಲದ್ ಬೋರ್‌ಗೆ ಕರೆಂಟ್ ಇಲ್ದಾಗ ನಾನೂ ಅಂತಾ ಫೋನ್‌ಗೆ ಮಾಡ್ಸಿ ಬಯ್ದಿವ್ನಿ ಅಳಿಯಂದ್ರೇ. ಅಲ್ಲಿ ಕೂತ್ಕಂಡು ನೀವು ಅದ ಕೇಳ್ಬಾರ್ದು. ಓಡಿ!"

ಆಮೇಲೆ ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದ ವ್ಯಾನಿನ ಕಡೆ ತಿರುಗಿ ಚೊಂಬು ಎತ್ತಿದರು. "ನಮ್ಮ ಅಳಿಯ ನಿಂತಿಲ್ಲ ಕಣಪ್ಪ, ನಿದಾನುಕ್ ಓಡ್ತಾವ್ರೆ. ನೀನು ಆರನ್ ಒಡೀಬ್ಯಾಡ." ವ್ಯಾನು ಬಾಯಿ ಮುಚ್ಚಿಕೊಂಡಿತು. ಆ ಹೊತ್ತಿನಲ್ಲಿ ನಮ್ಮತ್ತೆ ಮೇಲೆ ನನಗೆ ಬಂದ ಪ್ರೀತಿ ಮದುವೆಯಾದಂದಿನಿಂದ ಬಂದಿರಲಿಲ್ಲ.

ಬ್ಯಾನರ್ ಬಿಚ್ಚಲು ಶುರು ಮಾಡಿದ್ದರು. ಅತ್ತೆ ಮುಂದೆ, ನಾನು ಹಿಂದೆ, ಗೆರೆ ದಾಟಿದೆವು. ಮೆಡಲ್ ಹಿಡಿದು ನಿಂತಿದ್ದ ಹುಡುಗಿ ಮೊದಲು ಬಂದವರ ಕೊರಳಿಗೆ ಹಾಕಿಬಿಟ್ಟಳು. ಯಾರೋ ಫೋಟೋ ತೆಗೆದರು. ಅತ್ತೆ ಕೂಡಲೇ ಮೆಡಲ್ ತೆಗೆದು, "ಇದು ನಮ್ಮ ಅಳಿಯಂದು ಕಣಮ್ಮಿ, ಕೆಲ್ಸುಕ್ ಬೇಕು" ಅಂತ ನನ್ನ ಕೊರಳಿಗೆ ಹಾಕಿದರು. ಆ ಫೋಟೋ ಮಾತ್ರ ಯಾರೂ ತೆಗೆಯಲಿಲ್ಲ.

ಮಾರನೆಯ ದಿನ ಕುಂಟುತ್ತಾ ಹೋಗಿ ಸಾಹೇಬರ ಮೇಜಿನ ಮೇಲೆ ಮೆಡಲ್ ಇಟ್ಟೆ. ಅವರು ತಮ್ಮ ಮೊಬೈಲ್ ತೆಗೆದು ಅದರ ಪಕ್ಕಕ್ಕಿಟ್ಟರು. ವಾಟ್ಸಾಪಿನಲ್ಲಿ ಅತ್ತೆ ಮೆಡಲ್ ಹಾಕಿಕೊಂಡು, ಚೊಂಬು ಹಿಡಿದು ನಿಂತಿದ್ದಾರೆ. ಹಿಂದೆ ನಾನು ಮೊಣಕಾಲು ಹಿಡಿದು ಬಗ್ಗಿದ್ದೇನೆ.

ಸಾಹೇಬರು ಮೆಡಲನ್ನೂ ನೋಡಿದರು, ಫೋಟೋವನ್ನೂ ನೋಡಿದರು. ಆಮೇಲೆ ಕಂಬ ಹತ್ತುವ ಬೆಲ್ಟನ್ನು ನನ್ನ ಕಡೆ ತಳ್ಳಿದರು.

"ಹಂಗಳದಲ್ಲಿ ಲೈನ್ ಹೋಗಿದೆ, ಹೊರಡಿ. ಕಂಬ ನಿಮ್ದೇ. ಹತ್ತೋಕೆ ಆಗ್ದಿದ್ರೆ ನಿಮ್ಮತ್ತೇನ ಕರ್ಕೊಂಡು ಹೋಗಿ."