ದರ್ಜಿಯ ಕಾಲು, ಮಗಳ ಇಲಿ

"ಇಲಿಗೆ ವಾಸಿಯಾದ್ರೆ ನಿಮಗೇನ್ರೀ ಬಂತು? ಏಳಿ ಮೇಲೆ!" ಹೆಂಡತಿ ಚಪ್ಪಲಿಗಳನ್ನು ದರ್ಜಿಯ ಮುಂದೆ ದೊಪ್ಪನೆ ಹಾಕಿದಳು. "ದಿನಾ ನಡೀಲೇಬೇಕು ಅಂದಿದ್ದಾರೆ ಡಾಕ್ಟ್ರು."

ದರ್ಜಿಯ ಎಡಗಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿರಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಮೀನಖಂಡ ಹಿಂಡಿದಂತೆ ನೋವು. ಹೀಗೇ ಬಿಟ್ಟರೆ ಕಾಲೇ ಹೋದೀತು ಎಂದು ಡಾಕ್ಟರು ಹೇಳಿದಂದಿನಿಂದ ಎದೆ ಪುಕಪುಕ ಎನ್ನುತ್ತಿತ್ತು. ಅದನ್ನು ಒಪ್ಪಿಕೊಳ್ಳುವ ಆಸಾಮಿ ಮಾತ್ರ ಅವನಲ್ಲ.

"ಮಗಳು ಹೇಳ್ಲಿಲ್ವೇನೇ? ಮೈಕ್ರೋ ಆರ್‌ಎನ್‌ಎ ಅಂತ, ಜೀವಕೋಶದೊಳಗೆ ಕಣ್ಣಿಗೂ ಕಾಣದ ಎಳೆಗಳು. ರಕ್ತನಾಳ ಬೆಳೆಯೋಕೆ ಹೊರಟ್ರೆ ಅದ್ರಲ್ಲಿ ಕೆಲವು 'ಸುಮ್ನಿರು' ಅಂತ ತಡೀತವಂತೆ. ಮದ್ದು ಕೊಟ್ಟು ಅಂಥದ್ದೊಂದನ್ನ ಕಟ್ಟಿಹಾಕಿದ್ದಕ್ಕೆ ಅವಳ ಪ್ರಯೋಗಾಲಯದ ಇಲಿ ಕಾಲಲ್ಲಿ ಹೊಸ ನಾಳ ಚಿಗುರ್ತಂತೆ!"

"ಒಳ್ಳೆ ಕೆಲಸಕ್ಕೆ ಹೊರಟವರನ್ನ ತಡೆಯೋದೇ ಅದರ ಉದ್ಯೋಗನಾ?"

"ಹೂಂ."

"ಹಾಗಾದ್ರೆ ಅದು ನಮ್ಮನೇಲೂ ಇದೆ. ಕನ್ನಡಕ ಹಾಕ್ಕೊಂಡು ಕುರ್ಚಿ ಮೇಲೆ ಕೂತಿದೆ."

"ಮದ್ದು ಬರ್ಲಿ, ಆಮೇಲೆ ನಡೀತೀನಿ."

"ಯಾವಾಗ ಬರುತ್ತಂತೆ?"

"ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಆಗ್ಬೇಕಂತೆ."

"ಇರಿ, ಮಗಳನ್ನೇ ಕೇಳ್ತೀನಿ, ಆ ಇಲಿ ವಾಸಿಯಾಗೋವರೆಗೂ ಕುರ್ಚೀಲಿ ಕೂತಿತ್ತಾ ಅಂತ!"

ಬೀದಿಯ ತುದಿಯಲ್ಲಿದ್ದ ಮಗಳ ಪ್ರಯೋಗಾಲಯದತ್ತ ಅವಳು ಹೊರಟೇಬಿಟ್ಟಳು. ತಾಯಿ ಮಗಳು ಒಂದಾದರೆ ತನ್ನ ಕಥೆ ಮುಗಿಯಿತೆಂದು ದರ್ಜಿಯೂ ಚಪ್ಪಲಿ ಮೆಟ್ಟಿ ಹಿಂದೆಯೇ ನಡೆದ. ಪಾತ್ರೆ ಅಂಗಡಿಯೆದುರು ನಿಂತ.

"ಯಾಕೆ ನಿಂತ್ರಿ?"

"ಆ ಕುಕ್ಕರ್ ಚೆನ್ನಾಗಿದೆ."

ಮತ್ತಷ್ಟು ದೂರ ಹೋಗಿ ಮತ್ತೆ ನಿಂತ.

"ಇದು ಮುಚ್ಚಿರೋ ಅಂಗಡಿ ಕಣ್ರೀ! ಏನು ನೋಡ್ತಿದ್ದೀರಿ?"

"ಬೀಗ... ಬೀಗ ಚೆನ್ನಾಗಿದೆ."

ಅವಳು ಹತ್ತಿರ ಬಂದು ತೋಳು ಹಿಡಿದುಕೊಂಡಳು. "ನೋವಾ?"

"ನೋವು. ಕಾಲು ತೆಗೆದುಬಿಟ್ರೆ ಅಂತ ಭಯ ಕಣೇ."

"ನನಗಿಲ್ವಾ ಭಯ? ಇಲ್ದಿದ್ರೆ ಇಷ್ಟು ಬಾಯಿ ಯಾಕೆ ಮಾಡ್ತಿದ್ದೆ?"

ಪ್ರಯೋಗಾಲಯದ ಬಾಗಿಲಲ್ಲಿ ಮಗಳು ಕಣ್ಣರಳಿಸಿದಳು. "ಅಪ್ಪಾ! ನಡ್ಕೊಂಡೇ ಬಂದ್ಯಾ?"

"ಅದಿರ್ಲಿ, ನಿನ್ನ ಇಲಿ ಕೂತೇ ಇತ್ತು ತಾನೆ?"

"ಕೂರೋದೆಲ್ಲಿ ಬಂತು? ಪಂಜರದಲ್ಲಿ ಚಕ್ರ ಇಟ್ಟಿದೀವಿ, ಓಡ್ತಾನೇ ಇರುತ್ತೆ. ಆ ಮದ್ದು ಬರೋದು ಬರ್ಲಿ. ನೋವು ಬರೋವರೆಗೂ ನಡೆಯೋದು, ನಿಲ್ಲೋದು, ಮತ್ತೆ ನಡೆಯೋದು, ಸದ್ಯಕ್ಕೆ ನಿನ್ನ ಕಾಲಿಗೆ ಅದೇ ಮದ್ದು. ಇವತ್ತು ನೀನು ಮಾಡಿದ್ದೂ ಅದೇ."

ಗೆದ್ದ ಹೆಂಡತಿ ಸಿಕ್ಕ ಕುರ್ಚಿಯಲ್ಲಿ ಕುಸಿದು ಕೂತಳು. "ಅಯ್ಯೋ, ನನ್ನ ಕಾಲು ಬಿದ್ದುಹೋಯ್ತು. ವಾಪಸ್ ಹೋಗೋಕೆ ಯಾವುದಾದ್ರೂ ಗಾಡಿ ಕರೀರಿ."

"ಗಾಡಿನಾ?" ದರ್ಜಿ ಕನ್ನಡಕ ಸರಿಮಾಡಿಕೊಂಡ. "ಏಳೇ ಮೇಲೆ! ಆ ಬೀಗ ನಾನಿನ್ನೂ ಸರಿಯಾಗಿ ನೋಡಿಲ್ಲ."